ಮಕ್ಕಳ ಕೋಣೆಯ ಕೀ

ಕಳಸದಿಂದ ಮೂಡಿಗೆರೆಗೆ ಹೊರಟ ಬಸ್ಸಿನಲ್ಲಿ ಕಾಫಿ ಎಸ್ಟೇಟೊಂದರ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಧರ್ಮಪಾಲ ಕೂತಿದ್ದ. ಮುಂದಿನ ಸೀಟಿನ ಇಬ್ಬರು ಹೆಂಗಸರ ಮಾತು ಕಿವಿಗೆ ಬೀಳುತ್ತಿತ್ತು. ಒಬ್ಬಳು ಹೊಸದಾಗಿ ಬಂದ ಅಂಗನವಾಡಿ ಟೀಚರ್ ಯಾಸ್ಮಿನ್, ಇನ್ನೊಬ್ಬಳು ಜರ್ಮನಿಯಲ್ಲಿ ನರ್ಸ್ ಆಗಿರುವ ಅವಳ ಗೆಳತಿ ಸುಮಿತ್ರಾ ಎಂಬುದು ಮಾತಿನಲ್ಲೇ ಗೊತ್ತಾಯಿತು.

“ಎಂಟು ವರ್ಷದ ಹುಡುಗಿ ಕಣೇ. ಅಮ್ಮ ಕಾಫಿ ಕುಯ್ಯೋಕೆ ಹೋದ್ರೆ ಕೂಲಿಯವ್ರ ಲೈನ್ ಮನೇಲಿ ತಮ್ಮನ್ನ ನೋಡ್ಕೊಂಡು ಕೂರ್ತಾಳೆ. ಶಾಲೆಗೆ ಹೋಗಿ ತಿಂಗಳಾಯ್ತು,” ಎಂದಳು ಯಾಸ್ಮಿನ್.

“ಜರ್ಮನಿಯಲ್ಲಾದ್ರೆ ಮಕ್ಕಳ ಕ್ಷೇಮ ನೋಡೋ ಸರ್ಕಾರಿ ಆಫೀಸಿನವ್ರು ಮನೆಗೇ ಬಂದು ವಿಚಾರಿಸ್ತಾರೆ. ಕೂಸಿಗೆ ವರ್ಷ ತುಂಬಿದ್ರೆ ಶಿಶುವಿಹಾರದಲ್ಲಿ ಜಾಗ ಕೊಡ್ಲೇಬೇಕು, ಕಾನೂನು.”

“ಕಾನೂನು ಇಲ್ಲೂ ಉಂಟು. ಇಷ್ಟೊಂದು ಹೆಂಗಸರು ದುಡಿಯೋ ಎಸ್ಟೇಟಲ್ಲಿ ಸಣ್ಣ ಮಕ್ಕಳನ್ನ ಬಿಟ್ಟು ಹೋಗೋಕೊಂದು ಕೋಣೆ ಇರ್ಬೇಕು.”

“ಇಲ್ವಾ?”

“ಇದೆ. ಗೊಬ್ಬರದ ಚೀಲ ತುಂಬಿದಾರೆ.”

“ಕಂಪ್ಲೇಂಟ್ ಕೊಡು ಮಾರಾಯ್ತಿ.”

“ಬೇಕಾದ್ರೆ ಅದೂ ಕೊಡ್ತೇನೆ. ಮೊದ್ಲು ಕೋಣೆ ಖಾಲಿ ಮಾಡಿಸ್ತೇನೆ. ಅಲ್ಲಿ ಆಫೀಸಿನವ್ರು ಬರ್ತಾರೆ, ಇಲ್ಲಿ ನಾನು ಹೋಗ್ತೇನೆ, ಅಷ್ಟೇ.”

“ಬೀಗ ತೆಗೀತಾರಾ?”

“ಕೀ ರೈಟರ್ ಹತ್ರ ಇದ್ಯಂತೆ. ಕೊಡೋವರೆಗೂ ಅವ್ರ ಆಫೀಸಿನ ಬಾಗಿಲಲ್ಲೇ ಕೂರ್ತೇನೆ.”

ಧರ್ಮಪಾಲನ ಮುಖ ಬಿಸಿಯಾಯಿತು. ಕಳೆದ ಮಳೆಗಾಲಕ್ಕೆ ಮುಂಚೆ, ನಾಲ್ಕು ದಿನದ ಮಟ್ಟಿಗೆಂದು ಆ ಚೀಲಗಳನ್ನು ಇಡಿಸಿದ್ದವನು ಅವನೇ.

ಎಸ್ಟೇಟ್ ಗೇಟಿನ ಬಳಿ ಅವರಿಬ್ಬರೂ ಇಳಿದರು. ಮೂಡಿಗೆರೆಗೆ ಟಿಕೆಟ್ ತೆಗೆದಿದ್ದ ಧರ್ಮಪಾಲನೂ ಇಳಿದ.

“ಟೀಚರ್, ಕೀ ನನ್ನ ಹತ್ರಾನೇ ಇದೆ. ಚೀಲ ಹೊರೋಕೆ ಆಳು ಕರೀತೇನೆ,” ಎಂದ.

ಯಾಸ್ಮಿನ್ ಅವನನ್ನು ಒಮ್ಮೆ ನೋಡಿದಳು.

“ಒಳ್ಳೇದಾಯ್ತು ರೈಟ್ರೇ. ನೀವು ಆಳು ಕರೀರಿ, ನಾವು ಹೋಗಿ ಆ ಹುಡುಗೀನೂ ಅವಳ ತಮ್ಮನ್ನೂ ಕರ್ಕೊಂಡು ಬರ್ತೇವೆ.”

ಇಬ್ಬರೂ ಲೈನ್ ಮನೆಗಳ ಕಡೆ ನಡೆದರು.