ವಿಗ್ ಅಂಗಡಿಯ ಹೀಟರ್

ಕಟ್ಟುಕತೆಯಲ್ಲ, ನಮ್ಮ ಮನೆಯಲ್ಲೇ ಆದದ್ದು. ನಮ್ಮ ಚಿಕ್ಕಮ್ಮನ ಮಗಳು ಅಂಗಡಿಯೊಂದರಲ್ಲಿ ನಾಟಕದವರಿಗೆ ವಿಗ್ ಕಟ್ಟುತ್ತಿದ್ದಳು. ಆ ರಾತ್ರಿ ಪಾಳು ಬಾವಿಯ ಪಕ್ಕ ಒಬ್ಬಳೇ ಮನೆಗೆ ಬರುತ್ತಿದ್ದಳು. ಬಾವಿಕಟ್ಟೆ ಹಿಡಿದುಕೊಂಡು ಕರುಳು ಕಿತ್ತುಬರುವ ಹಾಗೆ ವಾಂತಿ ಮಾಡಿದಳು. ಬಾವಿಯೊಳಗೆ ಏನೂ ಇರಲಿಲ್ಲ... ಅವಳ ಬಟ್ಟೆಯಿಂದಲೇ ಸುಟ್ಟ ಕೂದಲಿನ ನಾತ ಹೊಡೆಯುತ್ತಿತ್ತು.

ಆದದ್ದಿಷ್ಟು. ವಿಗ್ಗಿನ ಬಲೆಗೆ ಒಂದೊಂದೇ ಕೂದಲು ಗಂಟು ಹಾಕಬೇಕು; ಚಳಿಗೆ ಬೆರಳು ಮರಗಟ್ಟಿದರೆ ಆ ಗಂಟು ಬೀಳುವುದಿಲ್ಲ. ಅದಕ್ಕೇ ಅಂಗಡಿಯಲ್ಲಿ ಮೇಜಿನ ಕೆಳಗೊಂದು ಹೀಟರ್. ಸುತ್ತಲೂ ಕೂದಲಿನ ರಾಶಿ. ಒಂದೊಂದು ಎಳೆ ಹಾರಿ ಕಾದ ಕಂಬಿಗೆ ತಗುಲಿದರೆ ಚಿರ್ರ್... ಥೂ, ಹೊಟ್ಟೆ ತೊಳಸುವ ವಾಸನೆ! ಗಿರಾಕಿಗಳ ಕಣ್ಣಿಗೆ ವೈರ್ ಬೀಳಬಾರದೆಂದು ಮಾಲೀಕ ಎಕ್ಸ್‌ಟೆನ್ಶನ್‌ಗೆ ಇನ್ನೊಂದು ಎಕ್ಸ್‌ಟೆನ್ಶನ್ ಸಿಕ್ಕಿಸಿ, ಮೇಲೆ ಚಾಪೆ ಮುಚ್ಚಿದ್ದ. ಹೋದ ಚಳಿಗಾಲ ಅದೇ ಮೇಜಿಗೆ ತಲೆಯಿಟ್ಟು ಮಲಗಿದ ಹಳೆಯ ಕೆಲಸದಾಕೆ, ಎಲ್ಲರ ಬಾಯಲ್ಲೂ 'ಗಂಟಕ್ಕ', ಹೊಗೆ ಕುಡಿದು ಸತ್ತಿದ್ದಳು. ಆ ಹೀಟರನ್ನೇ ಒರೆಸಿ ಇವಳಿಗೆ ಕೊಟ್ಟ, ಪುಣ್ಯಾತ್ಮ.

"ಅಕ್ಕ ಹೋಗಿದ್ದು ಇದರಿಂದಲೇ ಅಲ್ವಾ ಸಾರ್?"

"ಅವಳು ಹೋದ್ಲು. ಹೀಟರ್ ಚೆನ್ನಾಗೇ ಇದೆಯಲ್ಲಮ್ಮ!" ಅಂದನಂತೆ, ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ. ಅವನ ಬಾಯಿಗೆ ಮಣ್ಣು ಬೀಳ! ನೆನೆಸಿಕೊಂಡರೆ ಈಗಲೂ ಅಸಹ್ಯವಾಗುತ್ತದೆ.

ಆ ರಾತ್ರಿ ಅರ್ಜೆಂಟ್ ಕೆಲಸ. ಮಾಲೀಕ ಬೆಚ್ಚಗೆ ಮನೆ ಸೇರಿದ್ದ. ಟಕ್... ಟಕ್... ಹೀಟರ್ ಕಾಯುತ್ತಿತ್ತು. ಇವಳಿಗೆ ಕಣ್ಣು ಎಳೆಯಿತು.

"ಏಳೇ..." ಮೇಜಿನ ಕೆಳಗಿಂದ ಯಾರೋ ಪಿಸುಗುಟ್ಟಿದರು.

"ಐದೇ ನಿಮಿಷ..." ಅಂದಳು ನಿದ್ದೆಗಣ್ಣಲ್ಲೇ.

"ನಾನೂ ಹಾಗೇ ಅಂದಿದ್ದೆ ಕಣೇ."

ಧಡ್! ಕುರ್ಚಿಯಿಂದ ಕೆಳಗೆ ಬಿದ್ದಳು. ಕಣ್ಣು ಬಿಟ್ಟರೆ ಚಾಪೆಯಡಿಯಿಂದ ಹೊಗೆ... ವೈರ್ ಕರಗಿ ಅಂಟಂಟಾಗಿ ಹರಿದಿತ್ತು. ಚಾಪೆಯ ಕೆಂಡ ಕೂದಲಿನ ರಾಶಿಗೆ ಒಂದು ಗೇಣು ದೂರದಲ್ಲಿತ್ತು. ಎದ್ದೆನೋ ಬಿದ್ದೆನೋ ಎಂದು ಮೇನ್ ಸ್ವಿಚ್ ಆರಿಸಿದಳು. ಬಕೆಟ್ಟಿನ ನೀರು ಸುರಿದು, ಕೆಂಡ ಆರಿದ್ದು ನೋಡಿಕೊಂಡು ಹೊರಗೆ ಓಡಿದಳು.

ತೂಕಡಿಸಿ ತಾನೇ ಬಿದ್ದೆ, ಪಿಸುಮಾತು ಕನಸು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳಂತೆ. ಮನೆಗೆ ಬಂದು, ಬೂಟು ಬಿಚ್ಚಿ, ಕಾಲು ತೊಳೆಯಲು ಕೂತಳು.

ಎರಡೂ ಕಾಲಿನ ಹರಡಿನ ಸುತ್ತ ಮಸಿ... ಐದೈದು ಬೆರಳಿನ ಗುರುತು. ಯಾರೋ ಹಿಡಿದು ಎಳೆದ ಹಾಗೆ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಟವಲು ಹಿಡಿದು ಪಕ್ಕದಲ್ಲೇ ನಿಂತಿದ್ದೆ, ಕಣ್ಣಾರೆ ಕಂಡಿದ್ದೇನೆ. ಅವಳ ಪಾದ ಮಂಜಿನ ಹಾಗೆ ತಣ್ಣಗಿತ್ತು. ಚಿಕ್ಕಮ್ಮ ಆ ಮಸಿ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡರು.

ಅದು ಇನ್ನೂ ಬೆಚ್ಚಗಿತ್ತು.