ಸೀಮೆಯಿಂದ ಬಂದ ಕಾಗ್ದ

...ಆ ಲಕೋಟೆ ಕೊಡ್ಲಾ ಇಲ್ಲಿ! ರಾಗಿ ವಾಡೆಗೆ ಯಾಕೆ ಕೈ ಹಾಕ್ದೆ ನೀನು? ರಾಗಿ ಬೇಕಿದ್ರೆ ನನ್ನ ಕೇಳ್ಬಾರ್ದಾ?

ಯಾಕಂಗೆ ನೋಡ್ತೀಯ, ಚಲುವರಾಜು? ನಿನ್ನ ಎತ್ತವ್ವ ಕಣಪ್ಪ ನಾನು, ಕಳ್ಳಿ ಅಲ್ಲ. ಕೂತ್ಕೊ, ಎಲ್ಲಾನೂ ಏಳ್ತೀನಿ... ಕೂರಕಿಲ್ವಾ? ನಿಂತ್ಕೊ, ಬುಡು.

ಯುಗಾದಿ ಆದ ಮಾರ್ನೆ ವಾರ, ಟಪಾಲಿನ ರಹೀಂ ತಂದ್ಕೊಟ್ಟ ಇದ್ನ. ನೋಡು, ಸರ್ಕಾರದೋರು ಲಕೋಟೆ ಪಕ್ಕ ಕುಯ್ದು ನೋಡಿ ಮತ್ತೆ ಚೀಟಿ ಅಂಟಿಸವ್ರೆ, ಮ್ಯಾಲೆ ಕರೀ ಮುದ್ರೆ ಬೇರೆ. ನಂಗೆ ಓದಾಕೆ ಬತ್ತದಾ? ನಿಮ್ಮಣ್ಣ ಅಂಕಯ್ಯ ಸಮುದ್ರದ ಅಡಗು ಅತ್ತಿ ದಂಡಿಗೋಗಿ ಒಂಬತ್ತು ತಿಂಗ್ಳು, ಒಂದು ಸುದ್ದಿ ಇಲ್ಲ... ಅವನ ಸಾವಿನ ಕಾಗ್ದವೇ ಅಂದ್ಕಂಡೆ ಕಣೋ! ಓದ್ಸುದ್ರೆ ದಿಟ ಆಗೋಯ್ತದೆ ಅಂತ ಬಚ್ಚಿಟ್ಟೆ. ಅಷ್ಟೇಯ. ಇನ್ನೇನೂ ಇಲ್ಲ.

ಏನ್ಲಾ, ನನ್ನ ಮಾತು ನಂಬ್ನಿಲ್ವಾ?

ಊಂ, ನೀನು ದಿನಾ ಬೆಸಗರಹಳ್ಳಿಯಿಂದ ಮದ್ದೂರಿನ ಅಂಚೆ ಕಚೇರಿಗೆ ನಡ್ಕಂಡು ಓಯ್ತಿದ್ದೆ, ಕಂಡಿವ್ನಿ. "ಕಳೆದ ವರ್ಸ ಕಾಲೇಜಿಂದ ಇಬ್ರು ಬಿಳೀರ ಸೀಮೇಲಿ ಓದಾಕೆ ಅರ್ಜಿ ಹಾಕಿದ್ರು, ಯುದ್ಧ ಮುಗೀತದೆ ಅಂತ ಈ ವರ್ಸ ಮೂವತ್ತು ಜನ ಹಾಕವ್ರೆ ಕಣವ್ವ, ನಮ್ಮಂಥೋರಿಗೆ ಎಲ್ಲಿ ಸಿಕ್ಕದು" ಅಂದು ಉಣ್ದೆ ಮಲಗಿದ್ದಲ್ಲ... ಮುದ್ದೆ ತಂದು ಪಕ್ಕದಾಗೆ ಮಡಗ್ದೆ. ಆದ್ರೂ ಬಾಯಿ ಬುಡ್ನಿಲ್ಲ... ಅಲ್ಲ, ನಂಗೆ ಗೊತ್ತಿರ್ನಿಲ್ವಲ್ಲ!

ಒಡೆದೇ ಬುಟ್ಯಾ? ಏನಂತೆ? ಸೀಟು ಕೊಟ್ಟವ್ರಾ? ಯಾವತ್ತಿನೊಳಗೆ ಒಪ್ಗೆ ಬರೀಬೇಕಂತೆ... ದಿನ ಕಳೆದೋಯ್ತಾ? ಮಾತಾಡ್ಲಾ! ಬಯ್ಯಿ, ಬಯ್ದಾದ್ರೂ ಬುಡು! ಮಂಡ್ಯದ ಸಕ್ಕರೆ ಫ್ಯಾಕ್ಟ್ರೀಲಿ ಕೆಲ್ಸ ಸಿಕ್ಕಾಕಿಲ್ವಾ ನಿಂಗೆ? ಸಕ್ಕರೆ ಮಾಡಾದ ಕಲಿಯಾಕೆ ಸಮುದ್ರ ದಾಟ್ಬೇಕಾ?

ಯಾಕೆ, ವಾಡೆ ನೋಡ್ತೀಯ, ಬಾಗ್ಲು ನೋಡ್ತೀಯ, ನನ್ನ ನೋಡ್ತೀಯ...

ಊಂ ಕಣೋ. ಗೊತ್ತು. ನಿಮ್ಮಜ್ಜಿ ಸತ್ತಾಗ ಬಂದ ಕಾಗ್ದವ ನಾನೇ ಒಸ್ಲು ಆಚೆ ಓದ್ಸಿ, ಅಲ್ಲೇ ಅರ್ದು ಬಿಸಾಕ್ಸಿ, ಸೂತಕ ಅಂತ ತಲೆಗೆ ತಣ್ಣೀರು ಉಯ್ಕಂಡು ಒಳಕ್ಕೆ ಬಂದಿದ್ದೆ. ಸಾವಿನ ಕಾಗ್ದವ ಯಾವ ತಾಯಿ ತಾನೇ ಉಣ್ಣೋ ರಾಗಿ ಒಳಗೆ ಮಡಗ್ತಾಳೆ...

ರಹೀಂ ಅವತ್ತೇ ಏಳ್ದ. "ಸೀಮೆ ಕಾಲೇಜಿಂದು ಕಣವ್ವ, ಬಾಯಿ ಸಿಹಿ ಮಾಡು" ಅಂದ. ಬೆಲ್ಲ ಕೊಟ್ಟೆ, ನನ್ನ ಮಗಂಗೆ ನಾನೇ ಕೊಡ್ತೀನಿ, ನೀನು ಬಾಯಿ ಬುಡ್ಬೇಡ ಅಂತ ಆಣೆ ಇಡಿಸ್ಕಂಡೆ. ಭಯ ಕಣ್ಲಾ! ಒಬ್ಬ ಅಡಗು ಅತ್ತಿದೋನು ಇದ್ದಾನೋ ಇಲ್ವೋ. ಸಮುದ್ರದಾಗೆ ಅಡಗಿಗೆ ಬಾಂಬು ಹಾಕಿ ಮುಳುಗುಸ್ತಾವ್ರೆ ಅಂತಾರೆ ಸಂತೇಲಿ. ನಿನ್ನೂ ಕಳಿಸಿ, ನಾನು ಬಾಗ್ಲು ಕಾಯ್ಕಂಡು ಯಾವ ಕಾಗ್ದ ನೋಡ್ಲಿ?

ಎಲ್ಗೋ? ಕಾಗ್ದ ಇಡ್ಕಂಡು ಆಚೆಗ್ಯಾಕೆ ಓಯ್ತೀಯ? ಚಲುವ... ಅರ್ದು ಚೂರು ಮಾಡ್ಬ್ಯಾಡ! ಅರೀಬ್ಯಾಡ ಕಣ್ಲಾ ಅದ್ನ, ದಿನ ಕಳೆದ್ರೇನು, ಬರೆದು ಕೇಳಾಣ, ಇನ್ನೂ ದಿನ ಕೊಟ್ಟಾರು...

ಬಚ್ಚಲಿಗ್ಯಾಕೆ? ತಣ್ಣೀರ್ಯಾಕ್ಲಾ ಉಯ್ಕಂತೀಯ... ಲೋ ಮಗ, ಯಾರ್ಲಾ ಸತ್ತವ್ರೆ ನಿಂಗೆ?