ಗೇಟಿನ ಹೊರಗೆ ಕಾಸಿದ ಹಲಗೆ

ಸಿಂಧನೂರು ಬಸ್ ನಿಲ್ದಾಣದಲ್ಲಿ ಸಂಜೆ ರಾಯಚೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅಪ್ಪ, ಮಗಳು ಕೂತಿದ್ದರು. ಮಗಳ ಕೊರಳಲ್ಲಿ ಸಂಗೀತ ಚಿಕಿತ್ಸೆ ಓದುವ ವಿದ್ಯಾರ್ಥಿಗಳ ಸಮ್ಮೇಳನದ ಬ್ಯಾಡ್ಜು, ತೊಡೆಯ ಮೇಲೆ ಚರ್ಮದ ಹಲಗೆ.

“ವೇದಿಕಿ ಮ್ಯಾಲ ಮಾತಾಡಿದೇನವ್ವಾ ಅನುಪಮಾ?”

“ಇಲ್ಲಪ್ಪಾ. ಚರ್ಮ ಬಿಗಿ ಆಗಾಕ ಹಲಗಿ ಕಾಸಬೇಕು, ಚೂರು ಬೆಂಕಿ ಬೇಕ್ರಿ ಅಂದೆ. ಗೇಟಿನ ಹೊರಗ ಕಾಸ್ಕೋ ಅಂದ್ರು. ಅಷ್ಟ್ರಾಗ ದೊಡ್ಡ ಸಾಹೇಬ್ರ ಕಾರು ಬಂತು. ಹೆಂಗೂ ಹಲಗಿ ಕಾದೈತಿ, ಸಾಹೇಬ್ರ ಮುಂದ ಬಾರಿಸ್ಕೋತ ಕರ್ಕೊಂಡು ಬಾ ಅಂದ್ರು.”

“ಬಾರಿಸಿದಿ?”

“ಬಾರಿಸಿದೆ. ಒಳಗ ಹೋಗೂದ್ರಾಗ ನನ್ನ ಪಾಳಿ ಮುಗಿದಿತ್ತು. ನಾಳೆ ಟೈಮ್ ಉಳಿದ್ರ ನೋಡೂಣು ಅಂದ್ರು.”

“ಹಂಗಾರ ಲಕ್ವಾ ಹೊಡದ ನಮ್ಮವ್ವ, ನಿಮ್ಮ ಆಯಿ, ಹಲಗಿ ಪೆಟ್ಟಿಗೆ ಹೆಜ್ಜಿ ಇಟ್ಟಿದ್ದು ಹೇಳ್ಲೇ ಇಲ್ಲ?”

“ಯಾರಿಗೆ ಹೇಳ್ಲಿ? ಸಾಕಾಗೈತಪ್ಪಾ. ನಾಳೆ ನಾ ಹೋಗಂಗಿಲ್ಲ.”

“ನಮ್ಮಪ್ಪ ಗೌಡ್ರ ಮುಂದ ಬಾರಿಸಿದ, ನಾನೂ ಬಾರಿಸಿದೆ. ನೀ ಇಂಗ್ಲಿಷ್ ಕಲ್ತು ಬಾರಿಸಿದಿ. ಅಷ್ಟ ಫರಕ್ಕು.”

“ಚ್ಯಾಷ್ಟಿ ಮಾಡಬ್ಯಾಡಪ್ಪಾ.”

“ಚ್ಯಾಷ್ಟಿ ಅಲ್ಲವ್ವಾ. ನಾಳೆ ಗೇಟಿನ್ಯಾಗ ನಾ ಕಾಸ್ತೀನಿ, ನೀ ಒಳಗ ಕುಂದ್ರು. ಆಯಿನ್ನೂ ಕರ್ಕೊಂಡು ಬರೂಣು. ಬಾಗಿಲದಿಂದ ವೇದಿಕಿ ತನಕ ಬಾರಿಸ್ಕೋತ ಆಕಿನ್ನ ನಡಸು. ಕಣ್ಣಿದ್ದೋರು ನೋಡ್ಲಿ.”

“ಆಯಿ ದಣೀತಾಳ.”

“ನಾವೇನು ದಣಿದಿಲ್ಲೇನು? ಏಳು, ಬಸ್ ಬಂತು.”

ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸು ಬಂದು ನಿಂತಿತು. ಮಗಳು ಹಲಗೆಯನ್ನು ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದಳು. ಬಾಗಿಲಲ್ಲೇ ನಿಂತು ಕಂಡಕ್ಟರನನ್ನು ಕೇಳಿದಳು:

“ನಾಳೆ ಮಸ್ಕಿಯಿಂದ ಇಲ್ಲಿಗೆ ಮೊದಲ ಬಸ್ ಎಷ್ಟೊತ್ತಿಗ್ರಿ? ನಮ್ಮ ಆಯಿಗೆ ಮುಂದಿನ ಸೀಟು ಬೇಕು.”